ದೂರದಿಂದ ಮುಚ್ಚಿದ ಬಾಗಿಲು

ಬಾಗಿಲು ಮುಚ್ಚಿಕೊಂಡು ಕೂರುವ ಸುಖ ಎಂಥದ್ದೆಂದು ಬೇರೆ ಊರಿನವರಿಗೆ ಹೇಳಿ ತಿಳಿಸುವುದು ಕಷ್ಟ. ಅವರು ಹುಟ್ಟಿದಾಗಿನಿಂದ ಮುಚ್ಚಿಕೊಂಡೇ ಕೂತವರು. ನಮ್ಮೂರಿನಲ್ಲಿ ಮುಚ್ಚಿದ ಬಾಗಿಲು ನಿಲ್ಲುವುದಿಲ್ಲ. ಕೈಯಿಂದ ಎಳೆದು, ಚಿಲಕ ಹಾಕಿ, ಒಳಗಿನಿಂದ ಒರಳುಕಲ್ಲು ಆನಿಸಿಟ್ಟರೂ ಹಾಲು ಉಕ್ಕುವಷ್ಟರಲ್ಲಿ ಅದು ತೆರೆದುಕೊಂಡಿರುತ್ತದೆ. ಮನೆಯಲ್ಲಿ ಯಾರಾದರೂ ತೀರಿಹೋದಾಗ ಮಾತ್ರ ತಾನಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಆನೆ ಕಟ್ಟಿ ಎಳೆದರೂ ಬರುವುದಿಲ್ಲ. ಓಣಿಯ ಹಿರಿಯರು ಹೊರಗೆ ನಿಂತು ಹೋದವರ ಹೆಸರು ಹಿಡಿದು ಕೂಗಬೇಕು, ಆಗ ತೆರೆಯುತ್ತದೆ. ಮುಚ್ಚಿದ ಬಾಗಿಲ ಮುಂದೆ ಕೂಗಿದ ಹೆಸರು ಅಲ್ಲಿಗೆ ಮುಗಿಯಿತು. ಆ ಮನೆಯಲ್ಲಿ ಅದನ್ನು ಮತ್ತೆ ಯಾರಿಗೂ ಇಡುವುದಿಲ್ಲ.

ನಾನು ಮದುವೆಯಾಗಿ ಬಂದ ಮನೆ ಒಂದೇ ಕೋಣೆಯದು. ಮುಂಭಾಗದಲ್ಲಿ ನನ್ನ ಗಂಡನ ಹೊಲಿಗೆ ಮಷೀನು, ಹಿಂದೆ ಒಲೆ, ನಡುವೆ ಹಾಸಿಗೆ. ಬಾಗಿಲು ಯಾವಾಗಲೂ ತೆರೆದೇ ಇರುವ ಊರಲ್ಲಿ ಕಿಟಕಿ ಇಡಲು ಯಾರಿಗೆ ತಲೆಕೆಟ್ಟಿರುತ್ತದೆ? ಹಾಗಾಗಿ ಗಾಳಿ, ಬೆಳಕು, ನಾಯಿ, ನೆರೆಯವರು ಎಲ್ಲರಿಗೂ ಅದೊಂದೇ ದಾರಿ. ಹೊಸ ಸೊಸೆಯಾದ ನಾನು ಸೀರೆ ಬದಲಿಸುವುದಕ್ಕೂ ಗಂಡನ ಹತ್ತಿರ ಒಂದು ಮಾತು ಆಡುವುದಕ್ಕೂ ಇಡೀ ಓಣಿಯ ಕಣ್ಣು ತಪ್ಪಿಸಬೇಕಿತ್ತು. ಸಕ್ಕರೆ ಕೇಳಲು ಬಂದವರು ನಮ್ಮ ಹಾಸಿಗೆಯ ಮೇಲೆ ಕೂತು ಗಂಟೆಗಟ್ಟಲೆ ಹರಟಿ ಹೋಗುತ್ತಿದ್ದರು. ಅತ್ತರೂ ಸಾರ್ವಜನಿಕ, ನಕ್ಕರೂ ಸಾರ್ವಜನಿಕ. ದೇವರಲ್ಲಿ ನಾನು ಮಕ್ಕಳನ್ನು ಕೇಳಿದ್ದೆ, ಅದರ ಜೊತೆಗೆ ಒಂದು ಮುಚ್ಚುವ ಬಾಗಿಲನ್ನೂ ಕೇಳಿದ್ದೆ. ಮಕ್ಕಳು ಆಗಲಿಲ್ಲ.

ಬಾಗಿಲನ್ನು ಕೊಟ್ಟವನು ಜಿನದತ್ತ ಉಪಾಧ್ಯೆ. ಬಸ್ ನಿಲ್ದಾಣದ ಹಿಂದೆ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ, ಯಾವಾಗಲೂ ಕಾಲು ಕುಣಿಸುತ್ತ ಮಾತಾಡುವ ಸಣಕಲ ಮನುಷ್ಯ. ಬೆಲ್ಲದ ವ್ಯಾಪಾರಿ ಹೊಳೆಬಸಪ್ಪನ ಲಾರಿ ಗ್ಯಾರೇಜಿಗೆ ದಿನಾ ಆಡುಗಳು ನುಗ್ಗಿ ಬೆಲ್ಲದ ಪೆಂಟೆ ನೆಕ್ಕಿ ಹಾಳು ಮಾಡುತ್ತಿದ್ದವು. ಉಪಾಧ್ಯೆ ಅಲ್ಲಿ ಒಂದು ಷಟರು ಕೂರಿಸಿ, ಅದಕ್ಕೆ ಮೋಟಾರು ಜೋಡಿಸಿ, ಹಳೆ ರೇಡಿಯೊಗಳ ಸಾಮಾನಿನಿಂದ ಒಂದು ರಿಮೋಟು ಮಾಡಿ, ಬೀದಿಯ ಆಚೆ ನಿಂತು ಬಟನ್ ಒತ್ತಿದ. ಷಟರು ಇಳಿಯಿತು. ಜನ ಹಾಲು ಉಕ್ಕುವಷ್ಟು ಹೊತ್ತು ಕಾದರು, ಅನ್ನ ಬೇಯುವಷ್ಟು ಹೊತ್ತು ಕಾದರು. ಅದು ತೆರೆಯಲಿಲ್ಲ. ಕೈಯಿಂದ ಮುಚ್ಚಿದ್ದು ನಿಲ್ಲುವುದಿಲ್ಲ, ದೂರದಿಂದ ಮುಚ್ಚಿದ್ದು ನಿಲ್ಲುತ್ತದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳುತ್ತ ಕೂತರೆ ಆಡು ಒಳಗೆ ಬರುತ್ತದೆ.

ಒಂದು ಮಧ್ಯಾಹ್ನ ಮನೆಮಂದಿಯೆಲ್ಲ ಮದುವೆಗೆ ಹೋಗಿದ್ದಾಗ ಹೊಳೆಬಸಪ್ಪ ಆ ಗ್ಯಾರೇಜಿನಲ್ಲೇ ಷಟರು ಇಳಿಸಿಕೊಂಡು ನಿದ್ದೆಹೋದ. ಮುಚ್ಚಿದ ಬಾಗಿಲು ಕಂಡವರು ಮತ್ತೇನು ತಿಳಿಯಬೇಕು? ನಮ್ಮ ಓಣಿಯ ಹಿರಿಯ ಗುರಪ್ಪಜ್ಜ ಕೋಲೂರಿಕೊಂಡು ಬಂದು, ಗಂಟಲು ಸರಿಮಾಡಿಕೊಂಡು, "ಹೊಳೆಬಸಪ್ಪಾ" ಎಂದು ಕೂಗಿದ. ಬಾಗಿಲು ತೆರೆಯಲಿಲ್ಲ. ಹಿಂದೆಂದೂ ಹಾಗಾಗಿರಲಿಲ್ಲ. ಮಂದಿ ಬೆವರಿದರು. ಹೆಂಡತಿಗೆ ಸುದ್ದಿ ಮುಟ್ಟಿಸಲು ಆಳು ಹೋಗಿಯಾಗಿತ್ತು. ಆಗ ಷಟರು ಗರಗರ ಮೇಲೆದ್ದು, ಒಂದು ಕೈಯಲ್ಲಿ ರಿಮೋಟು ಹಿಡಿದು ಕಣ್ಣುಜ್ಜುತ್ತ ಹೊಳೆಬಸಪ್ಪ ಹೊರಬಂದು "ಏನ್ರಪಾ, ಇಷ್ಟ ಮಂದಿ?" ಎಂದ. ಮನುಷ್ಯ ಉಳಿದ, ಹೆಸರು ಹೋಯಿತು. ಅಂದಿನಿಂದ ಅವನನ್ನು ಬೆಲ್ಲದವರು ಅನ್ನುತ್ತಾರೆ, ಅಷ್ಟೆ. ಪಂಚರು ಕೂತು ಮಾತಾಡಿದರೂ ಅವನ ಹೆಸರನ್ನು ಹಿಂದಕ್ಕೆ ತರುವ ದಾರಿ ಯಾರಿಗೂ ಹೊಳೆಯಲಿಲ್ಲ. ಅವನ ತಾಯಿ ಮಾತ್ರ ಮಗನನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಬಹಳ ದಿನ ಸುಮ್ಮನೆ ಅವನ ಮುಖ ನೋಡುತ್ತಿದ್ದಳು.

ಇದರಿಂದ ಉಪಾಧ್ಯೆಯ ವ್ಯಾಪಾರ ಮುಳುಗುತ್ತದೆ ಎಂದುಕೊಂಡೆವು. ಜನ ಸಾಲುಗಟ್ಟಿ ನಿಂತರು. ಮುಚ್ಚಿದ ಬಾಗಿಲ ಹಿಂದೆ ಒಬ್ಬ ಮನುಷ್ಯ ಬದುಕಿದ್ದು, ನಿದ್ದೆ ಮಾಡಿ, ಎದ್ದು ಬಂದಿದ್ದಾನೆ ಎಂಬುದೇ ದೊಡ್ಡ ಜಾಹೀರಾತಾಯಿತು. ಉಪಾಧ್ಯೆ ಹಳೆಯ ಹತ್ತಿ ಮಿಲ್ಲಿನ ಶೆಡ್ಡು ಬಾಡಿಗೆಗೆ ಹಿಡಿದ. ಮೊದಲು ಗ್ಯಾರೇಜು, ಆಮೇಲೆ ಅಂಗಡಿ, ಆಮೇಲೆ ಮನೆ. ಬಸ್ಸುಗಳು ಷಟರು ಹೊತ್ತು ಬೇರೆ ಊರಿಗೂ ಹೋದವು. "ಅಲ್ಲಿ ಬಾಗಿಲ ಕೈಲೇ ಮುಚ್ಚತಾವಲ್ರೀ, ಅವರಿಗ್ಯಾಕ ಇದು?" ಎಂದು ನಾನು ಕೇಳಿದ್ದಕ್ಕೆ ಅವನು ಕಾಲು ಕುಣಿಸುತ್ತ, "ಅವರಿಗೆ ಮುಚ್ಚೇತೋ ಇಲ್ಲೋ ಅನ್ನೂ ಚಿಂತಿ ಐತಿ ಅಂಬಕ್ಕಾರ. ನಮ್ಮ ಮಾಲಿಗೆ ಚಿಂತಿ ಇದ್ರ ಸಾಕು, ಊರ ಯಾವುದಾದ್ರೇನು" ಎಂದ.

ಅಷ್ಟರಲ್ಲಿ ನಾನು ಅವನ ಕಂಪನಿಗೆ ಸೇರಿಯಾಗಿತ್ತು. ಮೊದಲು ಬೆಸುಗೆ ಹಾಕುವ ಸಾಲಿನಲ್ಲಿ ಕೂತಿದ್ದೆ. ನನ್ನ ಬಾಯಿ ಜೋರು ಎಂಬುದು ಗೊತ್ತಾದ ಮೇಲೆ ದೂರು ಕೇಳುವ ಮೇಜಿಗೆ ಹಾಕಿದರು. ಸಂಬಳಕ್ಕೆ ಬದಲಾಗಿ ಷಟರು ಹಾಕಿಕೊಡಿ ಎಂದು ಹಟ ಹಿಡಿದು ಮನೆಗೊಂದು ಹಾಕಿಸಿಕೊಂಡೆ. ಅದು ಇಳಿದ ಮೊದಲ ಮಧ್ಯಾಹ್ನ ಬೀದಿಯ ಗದ್ದಲ ಹೊರಗೇ ಉಳಿದು ಒಳಗೆ ಬಲ್ಬಿನ ಬೆಳಕಿನಲ್ಲಿ ನಾವಿಬ್ಬರೇ ಉಳಿದಾಗ ನನ್ನ ಗಂಡ ಮೆಲ್ಲಗೆ, "ಈಗ ಏನ ಮಾತಾಡೂದು?" ಎಂದರು. ಇಷ್ಟು ವರ್ಷ ಕೂಡಿಟ್ಟ ಮಾತು ಒಂದೂ ನೆನಪಾಗದೆ ಇಬ್ಬರೂ ನಕ್ಕೆವು. ಅಷ್ಟು ಸುಖವಾಗಿ ನಾನು ಯಾವತ್ತೂ ನಕ್ಕಿರಲಿಲ್ಲ.

ಆ ಸುಖ ಎಲ್ಲರಿಗೂ ಒಂದೇ ರೀತಿಯಲ್ಲಿ ಕೆಟ್ಟಿತು. ಊರ ತುಂಬ ಬಾಗಿಲುಗಳು ಮುಚ್ಚಿದ ಮೇಲೆ ಯಾವುದು ಕಂಪನಿ ಮುಚ್ಚಿದ್ದು, ಯಾವುದು ತಾನಾಗಿ ಮುಚ್ಚಿದ್ದು ಎಂದು ಹೇಗೆ ತಿಳಿಯಬೇಕು? ಗುರುತು ಒಂದೇ. ಕಂಪನಿ ಮುಚ್ಚಿದ ಬಾಗಿಲು ಬಟನ್ ಒತ್ತಿದರೆ ಏಳುತ್ತದೆ. ತಾನಾಗಿ ಮುಚ್ಚಿದ್ದು ಏಳುವುದಿಲ್ಲ. ಹಾಗಾಗಿ ಸಂಜೆ ಮನೆಗೆ ಬಂದವರು ಬಟನ್ ಮೇಲೆ ಬೆರಳಿಟ್ಟು, ಉಸಿರು ಬಿಗಿಹಿಡಿದು, ಒತ್ತಿ, ಷಟರು ಗರಗರ ಎಂದು ಏಳುವವರೆಗೆ ಜೀವ ಕೈಯಲ್ಲಿ ಹಿಡಿದು ನಿಲ್ಲುವುದು ರೂಢಿಯಾಯಿತು. ಸಂಜೆಯವರೆಗೆ ತಡೆಯಲಾಗದವರು ಮಧ್ಯಾಹ್ನವೇ ಓಡಿಬಂದು ಒತ್ತಿ ನೋಡಿ ಹೋಗತೊಡಗಿದರು. ಉಪಾಧ್ಯೆಗೆ ಇಷ್ಟು ಸಿಕ್ಕರೆ ಸಾಕಿತ್ತು. ಊರ ಈ ಮೂಲೆಯಿಂದ ಆ ಮೂಲೆಗೆ ಮುಟ್ಟುವ ರಿಮೋಟು ಮಾಡಿದ. ಅದರಲ್ಲಿ ಪುಟ್ಟ ದೀಪ. ಬಾಗಿಲು ಮಾತು ಕೇಳಿದರೆ ಹಸಿರು, ಕೇಳದಿದ್ದರೆ ಕೆಂಪು.

ಆಮೇಲೆ ಊರು ಕೂತಲ್ಲಿ ಕೂರಲಿಲ್ಲ. ಮಾಸ್ತರರು ಪಾಠದ ನಡುವೆ ಜೇಬಿಗೆ ಕೈಹಾಕಿ ಒತ್ತುತ್ತಿದ್ದರು. ಕ್ಷೌರಿಕ ಅರ್ಧ ಗಡ್ಡಕ್ಕೆ ಕತ್ತಿ ನಿಲ್ಲಿಸಿ ಒತ್ತುತ್ತಿದ್ದ. ಬೀದಿಯಲ್ಲಿ ನಡೆದರೆ ಎರಡೂ ಬದಿಗೆ ಬಾಗಿಲುಗಳು ಏರುವುದು, ಇಳಿಯುವುದು, ಏರುವುದು. ಒಳಗಿದ್ದವರು ಉಣ್ಣುತ್ತಿರಲಿ, ಮೀಯುತ್ತಿರಲಿ, ಎಲ್ಲೋ ಇರುವ ಮಗನೋ ಸೊಸೆಯೋ ಒತ್ತಿದರೆ ಬಾಗಿಲು ಎದ್ದು ಊರಿಗೆಲ್ಲ ದರ್ಶನ. ತೆರೆದ ಬಾಗಿಲಿನ ಕಾಲದಲ್ಲಾದರೂ ಸೆರಗು ಸರಿಮಾಡಿಕೊಂಡು ಇರುತ್ತಿದ್ದೆವು.

ಮೋಟಾರುಗಳು ಸುಡತೊಡಗಿದವು. ನನ್ನ ಮೇಜಿನ ಮುಂದೆ ಜನ ಓಡೋಡಿ ಬರುತ್ತಿದ್ದರು, ಕೈಯಲ್ಲಿ ಕೆಂಪು ದೀಪ, ಮುಖದಲ್ಲಿ ರಕ್ತವಿಲ್ಲ. ನಾನು ಕಂಪನಿ ಕಲಿಸಿದ ಮಾತು ಹೇಳುತ್ತಿದ್ದೆ: "ಹೆದರಬ್ಯಾಡ್ರಿ, ಸೆಲ್ ಬದಲಿ ಮಾಡ್ರಿ. ತುಸು ತಡದು ಮತ್ತ ಒತ್ತರಿ." ಬಹಳ ಸಲ ಅದು ಸೆಲ್ಲೇ ಆಗಿರುತ್ತಿತ್ತು, ಇಲ್ಲವೇ ಸುಟ್ಟ ಮೋಟಾರು. ಒಮ್ಮೆ ಕಾಯಿಪಲ್ಲೆ ಮಾರುವ ಪಾರವ್ವ ಹಾಗೆ ಬಂದಳು. ಅವಳ ಅತ್ತೆ ಮನೆಯಲ್ಲಿ ಒಬ್ಬಳೇ ಇದ್ದಳು. ಸೆಲ್ ಬದಲಿಸಿದಳು, ತಡೆದಳು, ಒತ್ತಿದಳು, ಮತ್ತೆ ತಡೆದಳು. ಹೊತ್ತು ಮುಳುಗುವಾಗ ಗುರಪ್ಪಜ್ಜ ಹೋಗಿ ಕೂಗಿದ, ಬಾಗಿಲು ತೆರೆಯಿತು. ದಿನಕರ್ಮವೆಲ್ಲ ಮುಗಿದ ಮೇಲೆ ಅವಳು ನನ್ನ ಹತ್ತಿರ ಬಂದಳು. ಬೈಯಲು ಬಂದಳೆಂದು ನಾನು ಎದ್ದು ನಿಂತೆ. ಅವಳು ಒಂದು ಕಟ್ಟು ಮೆಂತ್ಯೆ ಮೇಜಿನ ಮೇಲಿಟ್ಟು, "ನಿಮ್ಮಿಂದ ನಮ್ಮ ಅತ್ತಿ ಸಂಜೀತನಕ ಬದುಕಿದ್ಳು ನೋಡ್ರಿ" ಎಂದಳು. ಆ ಮೆಂತ್ಯೆಯನ್ನು ನಾನು ಮನೆಗೆ ಒಯ್ಯಲಿಲ್ಲ.

"ಸಾವ್ಕಾರ್ರ, ಜನಕ್ಕ ಇಷ್ಟ ಒತ್ತಬ್ಯಾಡ್ರಿ ಅಂತ ಒಂದ ಬೋರ್ಡ್ ಹಾಕಿಸ್ರಿ" ಎಂದು ಉಪಾಧ್ಯೆಯ ಕೋಣೆಗೆ ಹೋಗಿ ಜಗಳಾಡಿದೆ. ಅವನಿಗೀಗ ಹೊಟ್ಟೆ ಬಂದಿತ್ತು, ಕಾಲು ಮಾತ್ರ ಮೊದಲಿನ ಹಾಗೆಯೇ ಕುಣಿಯುತ್ತಿತ್ತು.

"ಹಾಕಸ್ತೀನಿ. ಅದನ್ನ ಓದಿ ಇನ್ನಷ್ಟ ಒತ್ತತಾರ" ಎಂದ. "ಖರೇ ಹೇಳ್ರಿ ಅಂಬಕ್ಕಾರ, ಇವತ್ತ ಮುಂಜಾನಿಂದ ನೀವ ಎಷ್ಟ ಸಲ ಒತ್ತೀರಿ?"

ನಾನು ಕಣ್ಣು ಕೆಳಗಿಳಿಸಿದೆ. ಅವನ ಮೇಜಿನ ಕೆಳಗೆ, ತೊಡೆಯ ಮೇಲೆ, ಅವನದೂ ಒಂದು ರಿಮೋಟು ಇತ್ತು.

ನನ್ನ ಗಂಡನಿಗೆ ದಮ್ಮು. ಚಳಿ ಬಂದರೆ, ಬಟ್ಟೆಯ ದೂಳು ಹೆಚ್ಚಾದರೆ, ಉಸಿರು ಸಿಕ್ಕಿಕೊಂಡು ಮುಖ ನೀಲಿಯಾಗುತ್ತಿತ್ತು. ಮೊದಲಾದರೆ ದಾರಿಹೋಕರಲ್ಲಿ ಯಾರಾದರೂ ನೋಡಿ ಬೆನ್ನು ನೀವಿ ಬಿಸಿನೀರು ಕುಡಿಸಿ ಹೋಗುತ್ತಿದ್ದರು. ಈಗ ಬಾಗಿಲು ಮುಚ್ಚಿತ್ತು. ಮುಚ್ಚಬೇಕೆಂದು ಹಟ ಮಾಡಿದವಳು ನಾನು. ಹಾಗಾಗಿ ಒತ್ತುತ್ತಿದ್ದೆ. ಊಟಕ್ಕೆ ಮೊದಲು, ಊಟದ ನಡುವೆ, ಯಾರದೋ ದೂರು ಕೇಳುತ್ತಿರುವಾಗ ಮೇಜಿನ ಕೆಳಗೆ. ಹಸಿರು ಕಂಡರೆ ಒಂದು ಗುಟುಕು ನೀರು ಕುಡಿದಷ್ಟು ಸಮಾಧಾನ, ಅದು ಆರಿದ ಕೂಡಲೇ ಮತ್ತೆ ದಾಹ.

ಆ ದಿನ ಮುಂಜಾನೆ ಅವರು ಕತ್ತರಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನಿನ್ನೆ ಒಂದ ತೋಳ ಹಚ್ಚೂದರಾಗ ಎಷ್ಟ ಸಲ ಎತ್ತಿ ಇಳಿಸಿದಿ ಗೊತ್ತೇನು? ಬೆಳಕ ಬರತೈತಿ, ಹೋಗತೈತಿ. ಸೂಜಿ ಬೊಟ್ಟಿಗೆ ಚುಚ್ಚಿತು. ತಗದ ಇಡು, ಇಲ್ಲಾ ಮುಚ್ಚೇ ಇಡು. ನಾ ಏನ ಸತ್ತೇನೋ ಬದುಕೇನೋ ಅಂತ ತಾಸಿಗೊಮ್ಮೆ ಪರೀಕ್ಷಾ ಮಾಡತಿ?"

"ನನಗ ಜೀವ ತಡಿಯೂದಿಲ್ರೀ."

"ಇವತ್ತ ಒತ್ತಿದ್ರ ನಿನ್ನ ಕೂಡ ಮಾತ ಬಿಟ್ಟೆ ಅಂತ ತಿಳಿ."

ಒತ್ತುವುದಿಲ್ಲ ಎಂದು ಮಾತು ಕೊಟ್ಟೆ. ನನ್ನ ಗಂಡ ಮಾತು ಬಿಟ್ಟರೆ ಬಿಟ್ಟರೇ. ಒಮ್ಮೆ ಜೋಳದ ರೊಟ್ಟಿ ಸೀದದ್ದಕ್ಕೆ ಅವರು ಗೊಣಗಿದಾಗ ನಾನು ತಿರುಗಿ ಬೈದೆನೆಂದು ಎರಡು ಅಮಾವಾಸ್ಯೆ ದಾಟುವವರೆಗೆ ಬಾಯಿ ಬಿಟ್ಟಿರಲಿಲ್ಲ. ಅದು ಗೊತ್ತಿದ್ದೂ ಮಿಲ್ಲಿನ ಗೇಟು ದಾಟುವ ಮೊದಲೇ ನನ್ನ ಬೆರಳು ಒತ್ತಿತ್ತು. ಹಸಿರು. ಮುಂಜಾನೆಯೆಲ್ಲ ಹಸಿರು. ಊಟದ ಡಬ್ಬಿ ಬಿಚ್ಚಿ ಮೊದಲ ತುತ್ತು ಕಲಸುವಾಗ ಒತ್ತಿದೆ. ಕೆಂಪು.

ಸೆಲ್ ಬದಲಿಸಿದೆ. ತುಸು ತಡೆದೆ. ಮತ್ತೆ ಒತ್ತಿದೆ. ಎಷ್ಟೋ ಜನಕ್ಕೆ ಕಲಿಸಿದ ಪಾಠವನ್ನು ನಾನೇ ನನಗೆ ಒಪ್ಪಿಸಿದೆ. ಕೆಂಪು. ಡಬ್ಬಿ ಹಾಗೆಯೇ ಬಿಟ್ಟು ಚಪ್ಪಲಿಯನ್ನೂ ಮೆಟ್ಟದೆ ಹೊರಟೆ. ಕಂಪನಿಯ ಮೆಕ್ಯಾನಿಕ್ ನಬಿಸಾಬ್ ಸ್ಕೂಟರು ತಂದು ಹತ್ತಿಸಿಕೊಂಡ. ದಾರಿಯುದ್ದಕ್ಕೂ ಬಾಗಿಲುಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಆ ಎಲ್ಲ ಮನೆಗಳಲ್ಲಿ ಜನ ಬದುಕಿದ್ದಾರೆ ಎಂದು ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ, ಆಯಿತು.

ನಮ್ಮ ಷಟರು ನೆಲಕ್ಕೆ ಅಂಟಿಕೊಂಡು ನಿಂತಿತ್ತು. ಎದುರು ಕಟ್ಟೆಯ ಮೇಲೆ ಕೂತಿದ್ದ ಗುರಪ್ಪಜ್ಜ, "ಮುಂಜಾನಿಂದ ಹತ್ತೂದು ಇಳಿಯೂದು ನಡಿಸಿತ್ತವ್ವಾ, ಈಗ ಸುಮ್ಮನಾಗೇತಿ" ಎಂದ. ನಾನು ಹತ್ತಿರ ನಿಂತು ಒತ್ತಿದೆ, ಷಟರಿಗೆ ತಗುಲಿಸಿ ಒತ್ತಿದೆ. "ರೀ" ಎಂದೆ. "ರೀ, ಒಳಗ ಇದ್ದೀರೇನು?" ಎಂದು ಎರಡೂ ಅಂಗೈಯಿಂದ ತಗಡು ಬಡಿದೆ. ನಮ್ಮೂರಲ್ಲಿ ಬಾಗಿಲು ಬಡಿಯುವುದು ಯಾರಿಗೂ ಗೊತ್ತಿರದ ವಿದ್ಯೆ. ಆ ಸದ್ದಿಗೆ ಓಣಿಯೇ ಹೊರಗೆ ಬಂತು. ಒಳಗಿನಿಂದ ಮಾತಿಲ್ಲ. ಮಷೀನಿನ ಸದ್ದೂ ಇಲ್ಲ.

ನಬಿಸಾಬ್ ಮೊಣಕಾಲೂರಿ ಕಿವಿಯಿಟ್ಟು ಕೇಳಿದ. "ಮೋಟಾರ್ ಸುಟ್ಟಿರಬೇಕ್ರಿ ಅಕ್ಕಾರ. ಇಷ್ಟ ಸಲ ಒತ್ತಿದ್ರ ಯಾವ ಮೋಟಾರ ತಡೀತೈತಿ? ಆದ್ರ ಅದು ಒಳಗ ಐತಿ, ನೋಡದ ಹೆಂಗ ಹೇಳ್ಲಿ? ಕಟ್ಟರ್ ತಂದ ಕೊಯ್ದು ತಗೀಬೇಕು."

"ತಾ ಹೋಗಪಾ, ಲಗೂ ತಾ."

"ಕಟ್ಟರ್ ಹಿಡದ್ರ ಚಲೋ" ಎಂದು ಏನೋ ಹೇಳಲು ಹೋಗಿ ನಿಲ್ಲಿಸಿ, ಸ್ಕೂಟರು ತಿರುಗಿಸಿದ. ತಾನಾಗಿ ಮುಚ್ಚಿದ ಬಾಗಿಲಿಗೆ ಯಾವ ಕಟ್ಟರೂ ಹಿಡಿಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

ಒಳಗಿನ ಮೌನಕ್ಕೆ ಎರಡೇ ಅರ್ಥ. ಕೊಟ್ಟ ಮಾತು ಮುರಿದವಳ ಮೇಲಿನ ಸಿಟ್ಟು, ಇಲ್ಲವೇ ಇನ್ನೊಂದು. ನಬಿಸಾಬ್ ಬರುವವರೆಗೆ ಸುಮ್ಮನೆ ಕೂತರೆ ಅಷ್ಟು ಹೊತ್ತು ಅವರು ಸಿಟ್ಟಾಗಿದ್ದಾರೆ ಎಂದೇ ನಂಬಬಹುದಿತ್ತು. ಪಾರವ್ವನ ಅತ್ತೆಯ ಹಾಗೆ ಅವರೂ ಸಂಜೆಯವರೆಗೆ ಬದುಕುತ್ತಿದ್ದರು. ಎಷ್ಟೊಂದು ಆಸೆಯಾಯಿತು ಗೊತ್ತೇ, ಹಾಗೆ ಕೂತುಬಿಡಲು? ಕೂತೆ. ಎದ್ದೆ. ಮತ್ತೆ ಕೂತೆ. ನನ್ನ ಜೀವ ಕೂರುವ ಜೀವವಲ್ಲ.

ಗುರಪ್ಪಜ್ಜ ಕೋಲೂರಿ ಬಂದು ಪಕ್ಕದಲ್ಲಿ ನಿಂತ. "ನಾ ಕೂಗ್ಲೇನವ್ವಾ?" ಎಂದು ಮೆತ್ತಗೆ ಕೇಳಿದ.

"ಬ್ಯಾಡ್ರಿ ಅಜ್ಜ."

"ಯಾರರ ಒಬ್ಬರು ಕೂಗಬೇಕಲ್ಲ."

"ನಾ ಕೂಗ್ತೀನಿ."

ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. "ಹೆಂಡತಿ ಗಂಡನ ಹೆಸರ ಕೂಗೂದಿಲ್ಲವ್ವಾ" ಎಂದ ಅಜ್ಜ. ಅವನ ದನಿಯಲ್ಲಿ ಬೈಗುಳ ಇರಲಿಲ್ಲ.

"ಗೊತ್ತೈತ್ರಿ."

ಹದಿನೆಂಟು ವರ್ಷದ ಸಂಸಾರದಲ್ಲಿ ಅವರ ಹೆಸರು ನನ್ನ ಬಾಯಿಗೆ ಬಂದಿರಲಿಲ್ಲ. ಮದುವೆಯ ದಿನ ಒಗಟು ಹೇಳಿ ಹೆಸರು ಹೇಳು ಎಂದು ಎಲ್ಲರೂ ಪೀಡಿಸಿದಾಗಲೂ ನಾಚಿ ಓಡಿಹೋಗಿದ್ದೆ. ಈಗ ಆ ಹೆಸರು ಕೂಗಬೇಕು. ಬಾಗಿಲು ತೆರೆದರೆ ಅವರಿಲ್ಲ. ತೆರೆಯದಿದ್ದರೆ ಇದ್ದಾರೆ, ಹೆಸರು ಮಾತ್ರ ಹೋಯಿತು. ನಾನೇ ಅವರ ಹೆಸರನ್ನು ಕೊಂದ ಹಾಗೆ. ಅವರ ಅಜ್ಜಿ ಇಟ್ಟ ಹೆಸರು, ಅಂಗಡಿಯ ಹಲಗೆಯ ಮೇಲೆ ಅವರೇ ಕೆಂಪು ಬಣ್ಣದಲ್ಲಿ ಬರೆದುಕೊಂಡಿದ್ದು. ಹೋಗಲಿ ಎಂದುಕೊಂಡೆ. ಒಂದು ಕಾಲದಲ್ಲಿ ಬಾಗಿಲು ಮುಚ್ಚಲಿ ಎಂದು ಬೇಡಿಕೊಂಡವಳು ನಾನು. ಆದರೆ ಆಗ ಬೇಡಿದ್ದು ಏನೂ ಅಲ್ಲ. ಅದು ತೆರೆಯದಿರಲಿ ಎಂದು ಈಗ ಬೇಡಿದ ಹಾಗೆ ನಾನು ಯಾವ ದೇವರನ್ನೂ ಬೇಡಿಲ್ಲ. ರಿಮೋಟನ್ನು ನೆಲದ ಮೇಲಿಟ್ಟೆ.

"ರೇವಣಸಿದ್ದಪ್ಪಾ!" ಎಂದೆ.

ದನಿ ಒಡೆಯಿತು. ಅಷ್ಟು ದೊಡ್ಡದಾಗಿ ನಾನು ಯಾರನ್ನೂ ಕರೆದಿರಲಿಲ್ಲ. ನಾನು ಷಟರಿನ ಕೆಳತುದಿಯನ್ನೇ ನೋಡುತ್ತಿದ್ದೆ. ಅಲ್ಲಿ ನೂಲಿನೆಳೆಯಷ್ಟು ಕತ್ತಲು ಕಂಡರೆ ನನ್ನ ಬದುಕು ಮುಗಿಯಿತು. ಕಾಣಲಿಲ್ಲ. ಇನ್ನೂ ಕಾಣಲಿಲ್ಲ. ತಗಡು ಅಲುಗಾಡಲಿಲ್ಲ. ನಾನು ಅಲ್ಲಿಯೇ ನೆಲಕ್ಕೆ ಕೂತೆ.

ಒಳಗೆ ಯಾರೋ ಕೆಮ್ಮಿದರು. ಉದ್ದನೆಯ, ದಮ್ಮಿನ ಕೆಮ್ಮು. ಆಮೇಲೆ ಸ್ಟೂಲು ಎಳೆದ ಸದ್ದು. ದನಿ ಬಾಗಿಲ ಹತ್ತಿರ ಬಂತು.

"ಯಾರನ್ನ ಕರದಿ?"

"ನಿಮ್ಮನ್ನರೀ" ಎಂದೆ. ಸೆರಗಿನಿಂದ ಮುಖ ಒರೆಸಿಕೊಂಡೆ.

ಒಳಗೆ ಸ್ಟೂಲು ಕಿರುಗುಟ್ಟಿತು, ಅಷ್ಟೆ. ಮತ್ತೆ ಮಾತು ಬಿಟ್ಟರೋ ಎಂದು ಹೆದರಿದೆ.

"ಹೆಸರು ಹೋತಲ್ಲ" ಎಂದರು ಕೊನೆಗೆ.

"ಹೋತ್ರಿ. ನಾನಽ ಕಳದೆ."

"ನಿನ್ನ ಬಾಯಾಗ ಹಂಗ ಕೇಳಸ್ತೈತೇನು ಅದು?" ಉಸಿರು ಎಳೆದುಕೊಂಡರು. ಎಳೆದ ಸಿಳ್ಳು ತಗಡಿನ ಈಚೆಗೂ ಕೇಳಿಸಿತು. "ಹೆಂಗೂ ಹೋಗೇತಿ. ಇನ್ನೊಮ್ಮೆ ಕರಿ."

ನಾನು ಎದ್ದು ನಿಂತೆ. ಓಣಿಯವರೆಲ್ಲ ನೋಡುತ್ತಿದ್ದರು, ನೋಡಲಿ. ಷಟರಿಗೆ ಹಣೆ ಹಚ್ಚಿ ಮತ್ತೆ ಕರೆದೆ. ಬಾಗಿಲು ತೆರೆಯಲಿಲ್ಲ.